ಟ್ರಕ್ಕಿನ ಆಯುಷ್ಯಕ್ಕೊಂದು ಮುಚ್ಚಳ

ನವೆಂಬರಿನ ಇಬ್ಬನಿ ಎಲೆಕೋಸಿನ ಹೊರ ಎಲೆಗಳ ಮೇಲೆ ಹೆಪ್ಪುಗಟ್ಟಲು ಶುರುವಾಯಿತೆಂದರೆ ಬಾಮ್‌ಗೋಲಿನಲ್ಲಿ ಯಾರ ಸೊಂಟವೂ ನೆಟ್ಟಗಿರುವುದಿಲ್ಲ. ಗಂಡಸರು ಹೊಲದಲ್ಲಿ ಬಗ್ಗಿ ಕೋಸು ಕೊಯ್ಯುತ್ತಾರೆ. ಹೆಂಗಸರು ಚಾವಡಿಯ ಅಂಗಳದಲ್ಲಿ ಬಗ್ಗಿ ಅದನ್ನು ಎರಡು ಹೋಳು ಮಾಡಿ ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತಾರೆ. ಹೊಲಕ್ಕೂ ಅಂಗಳಕ್ಕೂ ನಡುವೆ ಟಾಕ್ ಕಿಲ್ಬೋಕನ ನೀಲಿ ಟ್ರಕ್ಕು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತದೆ. ಸಾಗಿಸುವುದೇ ತನ್ನ ಪಾಲಿನ ಕೆಲಸವಾದ್ದರಿಂದ ಆ ದಿನಗಳಲ್ಲಿ ಊರಿನಲ್ಲಿ ಸೊಂಟ ನೆಟ್ಟಗಿದ್ದವನು ಕಿಲ್ಬೋಕ ಒಬ್ಬನೇ. ಬಹುಶಃ ಮುಂದಿನ ಎಲ್ಲ ಅನಾಹುತಕ್ಕೂ ಅದೇ ಮೂಲ. ಸೊಂಟ ನೋಯದ ಮನುಷ್ಯನಿಗೆ ಯೋಚಿಸಲು ಬಿಡುವು ಸಿಗುತ್ತದೆ.

ಆ ವರ್ಷ ಅವನು ಯೋಚಿಸಿದ್ದು ಡೀಸೆಲ್ ಎಂಜಿನ್ನಿನ ಆಯುಷ್ಯದ ಬಗ್ಗೆ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸುವ ಷೆಡ್ಡಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನೊಂದು ವಿದ್ಯೆ ಸಂಪಾದಿಸಿದ್ದ. ವಿದ್ಯೆ ಬಂದ ಮೇಲೆ ಹಂಚದೆ ಇರಲಾಗುವುದಿಲ್ಲ. ಚಾವಡಿಯ ಬೆಚ್ಚಗಿನ ನೆಲದ ಮೇಲೆ ಮಧ್ಯಾಹ್ನದ ಊಟಕ್ಕೆ ಕೂತವರಿಗೆಲ್ಲ ಅವನು ಅದನ್ನು ಅನ್ನದ ಜೊತೆಗೇ ಬಡಿಸುತ್ತಿದ್ದ.

"ನೋಡ್ರಪ್ಪಾ, ಈಗಿನ ಎಂಜಿನ್ನಿಗೆ ಒಂದು ಕೆಟ್ಟ ಚಾಳಿ ಕಲಿಸಿಬಿಟ್ಟವ್ರೆ. ತಾನು ಬಿಟ್ಟ ಹೊಗೇನ ತಾನೇ ತಿನ್ನೋದು."

"ಪೂರ್ತಿನಾ?" ಎಂದು ಕೇಳಿದ ಊರ ಮುಖಂಡ ಓಮ್ ಚೊಲ್ಗು. ಯಾವ ವಿಷಯದಲ್ಲೂ ಪ್ರಮಾಣ ಗೊತ್ತಿರಬೇಕು ಎನ್ನುವವನು ಅವನು.

"ಒಂದು ಪಾಲು. ಇ.ಜಿ.ಆರ್. ಅಂತಾರೆ ಅದಕ್ಕೆ. ಹೊರಗೆ ಹೋಗೋ ಹೊಗೇಲಿ ಒಂದು ಪಾಲನ್ನ ಕೊಳವೇಲಿ ತಿರುಗಿಸಿ ಮತ್ತೆ ಎಂಜಿನ್ನಿನ ಬಾಯಿಗೇ ತುರುಕ್ತಾರೆ. ಗಾಳಿ ಕೆಡಬಾರ್ದು ಅಂತ. ಗಾಳಿ ಏನೋ ಕೆಡಲ್ಲ, ಎಂಜಿನ್ನಿನ ಹೊಟ್ಟೆ ಕೆಡುತ್ತೆ! ಮಸಿ, ಎಣ್ಣೆ ಸೇರ್ಕೊಂಡು ಒಳಗೆಲ್ಲ ಹಳೇ ಸೋಯಾ ಗೊಜ್ಜಿನ ಥರ ಮೆತ್ಕೊಳ್ಳುತ್ತೆ. ಅರ್ಧ ಆಯುಷ್ಯಕ್ಕೇ ಎಂಜಿನ್ ಢಮಾರ್."

ಮೂಲೆಯಲ್ಲಿ ಕೂತಿದ್ದ ಯೋನ್‌ಪುಂಗ್ ಅಜ್ಜಿ ಅನ್ನ ಅಗಿಯುವುದನ್ನು ನಿಲ್ಲಿಸಿದಳು. ಯೋನ್‌ಪುಂಗಿನಿಂದ ಮದುವೆಯಾಗಿ ಬಂದವಳಾದ್ದರಿಂದ ಅವಳಿಗೆ ಆ ಹೆಸರು. ಬಂದು ಎಷ್ಟು ಕಾಲವಾಯಿತೆಂದು ಹೇಳಬಲ್ಲವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

"ಹಂಗಾದ್ರೆ ಅದು ನಮ್ಮ ಮನೆಯವ್ರ ಥರಾನೇ ಕಣೋ," ಎಂದಳು ಅಜ್ಜಿ. "ಕೋಣೆ ಬಾಗಿಲು ಹಾಕ್ಕೊಂಡು ಸಿಗರೇಟು ಸೇದಿ ಅದೇ ಹೊಗೇಲೇ ಮಲಗೋರು."

"ಹ್ಞಾಂ! ಅದೇ ಅಜ್ಜಿ ನಾನು ಹೇಳಿದ್ದು. ಎಷ್ಟಕ್ಕೆ ಹೋದ್ರು ತಾತ?"

"ತೊಂಬತ್ತೊಂದಕ್ಕೆ."

ಚಾವಡಿ ನಕ್ಕಿತು. ಕಿಲ್ಬೋಕನ ಹೆಂಡತಿ ಓಕ್‌ನಾಮ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಹಿಳಾ ಸಂಘದ ಅಧ್ಯಕ್ಷೆ ಅವಳು. ಚಾವಡಿಯ ಅಡಿಗೆಮನೆ, ಅಲ್ಲಿನ ಸೌಟು, ಚಮಚ, ಬಟ್ಟಲುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಕಿಲ್ಬೋಕ ನಗಲಿಲ್ಲ. ಅಂಥ ನಗುವಿಗೆ ಒಂದೇ ಉತ್ತರ, ಮಾಡಿ ತೋರಿಸುವುದು ಎಂದು ನಿರ್ಧರಿಸಿದ.

ಮಾಡುವುದೇನೂ ಕಷ್ಟವಿರಲಿಲ್ಲ. ಹೊಗೆಯ ಕೊಳವೆ ಎಂಜಿನ್ನಿಗೆ ಕೂಡುವ ಜಾಗದಲ್ಲಿ ಒಂದು ತಗಡು ಅಡ್ಡ ಇಟ್ಟು ಬೋಲ್ಟು ಬಿಗಿದರಾಯಿತು. ಹೊಗೆಯ ದಾರಿ ಬಂದ್. ಕಾನೂನು ಅದನ್ನು ಒಪ್ಪುವುದಿಲ್ಲ ಎಂದು ವಿಡಿಯೋದವನೇ ಕೊನೆಯಲ್ಲಿ ಹೇಳಿದ್ದ. ಕಿಲ್ಬೋಕ ಕೊನೆಯವರೆಗೆ ನೋಡಿರಲಿಲ್ಲ. ಉಳಿದದ್ದು ತಗಡಿನ ಪ್ರಶ್ನೆ. ತುಕ್ಕು ಹಿಡಿಯಬಾರದು, ದಪ್ಪಗಿರಬೇಕು. ಹೀಗೆ ಯೋಚಿಸುತ್ತ ಒಂದು ಮಧ್ಯಾಹ್ನ ಚಾವಡಿಯಲ್ಲಿ ಊಟಕ್ಕೆ ಕೂತಾಗ ಅವನ ಕೈಯಲ್ಲೇ ತಗಡು ಇತ್ತು. ಅನ್ನದ ಬಟ್ಟಲಿನ ಸ್ಟೀಲು ಮುಚ್ಚಳ.

ಮನೆಯಲ್ಲೂ ಅಂಥ ಮುಚ್ಚಳಗಳಿದ್ದವು. ಆದರೆ ಮನೆಯದನ್ನು ಮುಟ್ಟಿದರೆ ಓಕ್‌ನಾಮ್‌ಗೆ ಗೊತ್ತಾಗುತ್ತಿತ್ತು. ಚಾವಡಿಯ ಕಪಾಟಿನಲ್ಲಿ ಬಟ್ಟಲುಗಳನ್ನು ಗೋಪುರಗೋಪುರವಾಗಿ ಪೇರಿಸಿಟ್ಟಿದ್ದರು. ಅಷ್ಟರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾದೀತು? ಊಟವಾದ ಮೇಲೆ ಕಪಾಟಿಗೆ ಕೈ ಹಾಕಿ, ಬೆರಳಿನಿಂದ ತಡವಿ, ಎಲ್ಲಕ್ಕಿಂತ ದಪ್ಪಗಿದ್ದುದನ್ನು ಆರಿಸಿ ಜಾಕೀಟಿನೊಳಗೆ ಸೇರಿಸಿದ. ಷೆಡ್ಡಿನಲ್ಲಿ ಅದನ್ನು ಮಗುಚಿ ಹಾಕಿ, ಒಳಮೈಯಲ್ಲಿ ಅಳತೆ ಗುರುತು ಮಾಡಿ, ತಗಡು ಕತ್ತರಿಯಿಂದ ಕತ್ತರಿಸಿದ. ಕತ್ತರಿಸಿ ತಿರುಗಿಸಿದಾಗ ಹೊರಮೈ ಕಂಡಿತು. ಅಲ್ಲಿ ಒಂದು ಕೊಕ್ಕರೆ ರೆಕ್ಕೆ ಬಿಚ್ಚಿತ್ತು. ಕೊಕ್ಕರೆಯ ಕೆಳಗೆ 'ದೀರ್ಘಾಯುಷ್ಯ' ಎಂದಿತ್ತು. ಅದರ ಕೆಳಗೆ ಯೋನ್‌ಪುಂಗ್ ಅಜ್ಜಿಯ ಸ್ವಂತ ಹೆಸರು, ಸೊಲ್ ಜೋಮ್‌ಸುನ್.

ಅಜ್ಜಿಗೆ ಎಂಬತ್ತು ತುಂಬಿದಾಗ ಅವಳ ಮಕ್ಕಳು ಊರಿಗೆಲ್ಲ ಊಟ ಹಾಕಿ ಚಾವಡಿಗೆ ಬಟ್ಟಲುಗಳ ಸೆಟ್ಟು ಕೊಟ್ಟಿದ್ದರು. ಎಲ್ಲವೂ ಸಾದಾ ಬಟ್ಟಲು. ತಾಯಿಗೆಂದು ಮಾತ್ರ ಒಂದು ವಿಶೇಷದ್ದು. ಅಜ್ಜಿ ಅದನ್ನು ಮನೆಗೆ ಒಯ್ಯಲಿಲ್ಲ. ಒಬ್ಬಳೇ ಕೂತು ಉಣ್ಣಲು ಇಷ್ಟು ಒಳ್ಳೆಯ ಬಟ್ಟಲು ಯಾಕೆ ಎಂದು ಚಾವಡಿಯಲ್ಲೇ ಇಟ್ಟಿದ್ದಳು.

ಕಿಲ್ಬೋಕ ತಗಡನ್ನು ಮುಚ್ಚಳದ ಉಳಿದ ಅಂಚಿಗೆ ಹೊಂದಿಸಿ ನೋಡಿದ. ಕತ್ತರಿಸಿದ್ದನ್ನು ಅಂಟಿಸಲಾಗುವುದಿಲ್ಲ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, 'ದೀರ್ಘಾಯುಷ್ಯ' ಎಂದಿದ್ದ ಮೈಯನ್ನು ಎಂಜಿನ್ನಿನ ಕಡೆಗೆ ತಿರುಗಿಸಿ ಬೋಲ್ಟು ಬಿಗಿದ. ಶುಭವಾಗುವುದಿದ್ದರೆ ಆಗಲಿ ಎಂದು.

ಟ್ರಕ್ಕು ಹುರುಪಿನಿಂದ ಓಡಿತು, ಅಥವಾ ಹಾಗೆಂದು ಅವನಿಗೆ ಅನ್ನಿಸಿತು. ಒಂದೇ ಒಂದು ಸಣ್ಣ ತೊಂದರೆ: ಸ್ಟೇರಿಂಗಿನ ಮುಂದೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡು ಆರಲೊಲ್ಲದು. ಕಿಲ್ಬೋಕ ಮಂಡಿನೋವಿಗೆ ಅಂಟಿಸುವ ಪಟ್ಟಿಯಿಂದ ಒಂದು ಚೂರು ಕತ್ತರಿಸಿ ಆ ದೀಪದ ಮೇಲೆ ಅಂಟಿಸಿದ. ದೀಪ ಕಾಣದಾಯಿತು. ಟ್ರಕ್ಕಿನ ತುಂಬ ಔಷಧದ ಘಾಟು ಹಬ್ಬಿತು.

"ಕೇಳಿ, ಸದ್ದು ಕೇಳಿ," ಎಂದು ಅವನು ಹೊಲದಲ್ಲಿ ಬಗ್ಗಿದ್ದವರನ್ನು ನಿಲ್ಲಿಸಿ ಕೇಳಿಸುತ್ತಿದ್ದ. "ಇನ್ನು ನನ್ನ ಮೊಮ್ಮಗನ ಕಾಲಕ್ಕೂ ಇದೇ ಟ್ರಕ್ಕು."

"ಏನು ಮಾಡ್ದೆ?" ಎಂದು ಮುಖಂಡ ಓಮ್ ಕೇಳಿದರೆ, "ಅದೊಂದು ಗುಟ್ಟು," ಎಂದು ಕಣ್ಣು ಮಿಟುಕಿಸುತ್ತಿದ್ದ.

*

ಈ ನಡುವೆ ಪಟ್ಟಣದ ಆಸ್ಪತ್ರೆಗೆ ಹೋಗಿದ್ದ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡು, ಮಗಳ ಮನೆಯಲ್ಲಿ ಕೆಲವು ದಿನ ಇದ್ದು, ಕೋಸಿನ ಕೆಲಸ ಮುಗಿಯುವ ಮೊದಲೇ ಊರಿಗೆ ಮರಳಿದಳು. ಬಂದ ದಿನವೇ ಚಾವಡಿಗೆ ಊಟಕ್ಕೆ ಬಂದಳು. ಹೊಸ ಕಣ್ಣಿನಿಂದ ಎಲ್ಲವನ್ನೂ ಎಲ್ಲರನ್ನೂ ನೋಡಿದಳು. ಓಕ್‌ನಾಮ್‌ಗೆ ಮೊದಲಿಗಿಂತ ಸುಕ್ಕು ಜಾಸ್ತಿಯಾಗಿದೆ ಎಂದಳು. ಆಮೇಲೆ ತನ್ನ ಮುಂದೆ ಬಂದ ಬಟ್ಟಲನ್ನು ನೋಡಿದಳು. ಅನ್ನದಿಂದ ಹಬೆ ನೇರವಾಗಿ ಮೇಲೇಳುತ್ತಿತ್ತು.

"ಮುಚ್ಚಳ ಎಲ್ಲಮ್ಮಾ?"

ಓಕ್‌ನಾಮ್ ಕಪಾಟು ನೋಡಿದಳು. ಕಪಾಟಿನ ಹಿಂದೆ, ಒಲೆಯ ಕೆಳಗೆ, ಅಕ್ಕಿ ಡಬ್ಬಿಯ ಒಳಗೆ ನೋಡಿದಳು. ಎಲ್ಲ ಬಟ್ಟಲುಗಳನ್ನು ನೆಲಕ್ಕೆ ಇಳಿಸಿ ಜೋಡಿ ಮಾಡಿದಳು. ಎಲ್ಲಕ್ಕೂ ಮುಚ್ಚಳವಿತ್ತು, ಕೊಕ್ಕರೆಯ ಬಟ್ಟಲಿಗೆ ಮಾತ್ರ ಇರಲಿಲ್ಲ. ಉಣ್ಣುತ್ತಿದ್ದವರೆಲ್ಲ ಚಮಚ ಕೆಳಗಿಟ್ಟರು. ಕಿಲ್ಬೋಕನೊಬ್ಬ ಬಾಯಿ ತುಂಬ ಅನ್ನ ತುಂಬಿಕೊಂಡ. ತುಂಬಿದ ಬಾಯಿಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

"ಇರ್ಲಿ ಬಿಡಮ್ಮ," ಎಂದಳು ಅಜ್ಜಿ. "ದೀರ್ಘಾಯುಷ್ಯ ಅಂತ ಬರ್ದಿದ್ದ ಮುಚ್ಚಳ ತಾನೇ? ಹೋಗೋ ಹೊತ್ತಿಗೆ ಹೋಗಿದೆ. ಹೇಳಿ ಕಳಿಸ್ದ ಹಂಗಾಯ್ತು."

"ಅಯ್ಯೋ, ಬಿಡ್ತು ಅನ್ನಿ ಅಜ್ಜಿ!"

"ಯಾಕೆ ಬಿಡ್ತು ಅನ್ಲಿ? ಕಣ್ಣಿನ ಪೊರೆ ತೆಗ್ದಿದ್ದೇ ಇದನ್ನ ನೋಡ್ಲಿ ಅಂತ ಕಾಣುತ್ತೆ." ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಅಜ್ಜಿ ಎದ್ದಳು. ಅನ್ನ ಹಾಗೇ ಇತ್ತು.

ಓಕ್‌ನಾಮಳ ಮುಖ ಕೋಸಿನ ಒಳ ಎಲೆಯಂತೆ ಬಿಳುಪೇರಿತು. ತನ್ನ ಸುಪರ್ದಿಯಲ್ಲಿದ್ದ ಪಾತ್ರೆ, ಅದೂ ಊರಿನ ಹಿರಿಯಳದ್ದು! ಗಂಡನ ಕಡೆ ತಿರುಗಿ, "ಊರಲ್ಲಿರೋ ಹೊಗೆ ಎಲ್ಲಾ ಹೆಂಗೆ ತಿರುಗುತ್ತೆ ಅಂತ ಗೊತ್ತಿರೋ ಮಹಾನುಭಾವ್ರೇ, ಒಂದು ಮುಚ್ಚಳ ಎಲ್ಲಿಗೆ ಹೋಯ್ತು ಅಂತ ಹೇಳಿ ನೋಡೋಣ," ಎಂದಳು.

ಹೇಳಲು ಅದು ಸರಿಯಾದ ಹೊತ್ತು. ಬಾಯಿಯ ಅನ್ನ ನುಂಗಿ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಒಂದು ದಿನ ಬೈಗುಳ ತಿಂದು ಮುಗಿಯುತ್ತಿತ್ತು. ಕಿಲ್ಬೋಕ ಅನ್ನ ನುಂಗಿದ. "ಮ್ಯಾಗ್‌ಪೈ ಹಕ್ಕಿ ಎತ್ಕೊಂಡು ಹೋಗಿರ್ಬೇಕು," ಎಂದ. "ಹೊಳೆಯೋದು ಕಂಡ್ರೆ ಬಿಡಲ್ಲ ಅವು."

"ಕಪಾಟಿನ ಬಾಗ್ಲು ತೆಗ್ದಾ?" ಎಂದ ಮುಖಂಡ ಓಮ್.

*

ಮರುದಿನ ಬೆಳಿಗ್ಗೆ, ಕೋಸಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ, ಚಾವಡಿಯ ಮಾಡಿನ ಮೇಲಿನ ಮೈಕು ಕೆಮ್ಮಿತು. ಆಮೇಲೆ ಮುಖಂಡ ಓಮ್ ಕೆಮ್ಮಿದ.

"ಆ, ಆ. ಬಾಮ್‌ಗೋಲಿನ ಸಮಸ್ತ ನಿವಾಸಿಗಳೇ, ತಿಂಡಿ ಆಯ್ತಾ? ಒಂದು ಮುಚ್ಚಳ ಕಾಣೆಯಾಗಿದೆ. ಯಾರೋ ತಪ್ಪಿ ತಗೊಂಡು ಹೋಗಿದ್ರೆ ತಪ್ಪಿ ತಂದು ಇಡಿ. ನಾವು ಕೇಳೋದಿಲ್ಲ. ಕೇಳಿದ್ರೂ ಮೆತ್ತಗೆ ಕೇಳ್ತೀವಿ. ಮುಚ್ಚಳ ಹುಡುಕೋ ಸಮಿತಿಗೆ ಶ್ರೀ ಟಾಕ್ ಕಿಲ್ಬೋಕ್ ಅವ್ರನ್ನ ಅಧ್ಯಕ್ಷರನ್ನಾಗಿ ಮಾಡಿದ್ದೀವಿ. ಅವ್ರ ಹತ್ರ ವಾಹನ ಇದೆ. ಯಂತ್ರ, ತಗಡು ಇತ್ಯಾದಿ ವಿಷಯದಲ್ಲಿ ತಿಳುವಳಿಕೆಯೂ ಇದೆ."

ಷೆಡ್ಡಿನಲ್ಲಿ ಮುಚ್ಚಳದ ಉಳಿದ ಅಂಚನ್ನು ಹಳೆಯ ಗೋಣಿಚೀಲದಲ್ಲಿ ಸುತ್ತುತ್ತಿದ್ದ ಕಿಲ್ಬೋಕನ ಕಿವಿ ಆ ಚಳಿಯಲ್ಲೂ ಕೆಂಡವಾಯಿತು.

ಸಮಿತಿ ಎಂದ ಮೇಲೆ ಹುಡುಕಬೇಕು. ಹುಡುಕುವುದೆಂದರೆ ಬಾಮ್‌ಗೋಲಿನವರ ರೀತಿ ಬೇರೆ. ಯಾರ ಮೇಲೂ ಅನುಮಾನವಿದೆ ಎಂದು ಅವರು ಹೇಳುವುದಿಲ್ಲ. ಎಲ್ಲೋ ಹುಟ್ಟಿದ ಮಾತು ಹೊಲದ ಬದುವಿನ ಮೇಲೆ ನಡೆದು ನಡೆದು ತಾನಾಗಿ ಒಂದು ಮನೆಯ ಮುಂದೆ ನಿಲ್ಲುತ್ತದೆ. ಈ ಸಲ ಅದು ನಾಮ್‌ಗುಂಗ್ ಮೇಷ್ಟ್ರ ಮನೆಯ ಮುಂದೆ ನಿಂತಿತು. ಮೇಷ್ಟ್ರು ಸಿಯೋಲಿನಲ್ಲಿ ಪಾಠ ಹೇಳಿ ನಿವೃತ್ತರಾಗಿ ಊರಿಗೆ ಬಂದು ನೆಲೆಸಿದವರು. ಹಳೆಯ ಚಮಚ, ತಟ್ಟೆ, ಮುಚ್ಚಳಗಳಿಗೆ ದಾರ ಕಟ್ಟಿ ಅಂಗಳದ ಪರ್ಸಿಮನ್ ಮರಕ್ಕೆ ತೂಗುಹಾಕುವುದು ಅವರ ಹವ್ಯಾಸ. ಗಾಳಿ ಬಂದರೆ ಮರ ಕಿಣಿಕಿಣಿ ಎನ್ನುತ್ತಿತ್ತು.

"ನಾನೇನೂ ಅನ್ನಲ್ಲ," ಎಂದ ಮುಖಂಡ ಓಮ್ ಟ್ರಕ್ಕು ಹತ್ತುತ್ತ. "ಆದ್ರೆ ಮುಚ್ಚಳ ಜಾಸ್ತಿ ಇರೋ ಮರ ಊರಲ್ಲಿ ಒಂದೇ. ಏನಯ್ಯಾ ಇದು, ನಿನ್ನ ಟ್ರಕ್ಕಲ್ಲಿ ಔಷಧಿ ವಾಸ್ನೆ?"

"ಮಂಡಿ ನೋವು," ಎಂದ ಕಿಲ್ಬೋಕ.

ಮೇಷ್ಟ್ರು ಅವರನ್ನು ಕಂಡು ಸಡಗರಪಟ್ಟರು. ಊರಿಗೆ ಬಂದ ಮೇಲೆ ಮುಖಂಡರು ತಾವಾಗಿ ಮನೆಗೆ ಬಂದದ್ದು ಅದೇ ಮೊದಲು. ಬಾರ್ಲಿ ಚಹಾ ಕಾಸಿದರು, ಒಣಗಿಸಿದ ಪರ್ಸಿಮನ್ ಹಣ್ಣು ತಟ್ಟೆಯಲ್ಲಿಟ್ಟರು. ಮುಖಂಡ ಚಹಾ ಕುಡಿಯುತ್ತ ಹವೆಯ ವಿಷಯ ಮಾತಾಡಿದ, ಆಮೇಲೆ ಕೋಸಿನ ವಿಷಯ, ಆಮೇಲೆ ಮರದ ವಿಷಯ. ಕೊನೆಗೆ, "ಕಿಲ್ಬೋಕ್, ನೀನು ತಗಡಿನ ತಜ್ಞ. ಹಾಗೇ ಒಂದ್ಸಲ ಮರ ನೋಡ್ಕೊಂಡು ಬಾ," ಎಂದ.

ಕಿಲ್ಬೋಕ ಮರದ ಕೆಳಗೆ ನಿಂತು ಒಂದೊಂದೇ ಮುಚ್ಚಳವನ್ನು ತಿರುಗಿಸಿ ನೋಡಿದ. ಇಲ್ಲಿಲ್ಲ ಎಂದು ತನಗೆ ಚೆನ್ನಾಗಿ ಗೊತ್ತಿದ್ದುದನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ ಮನುಷ್ಯ ಆ ಸೀಮೆಯಲ್ಲಿ ಇನ್ನೊಬ್ಬನಿರಲಾರ. ಎಂಜಿನ್ನು ಆರಿಸದೆ ಬಿಟ್ಟಿದ್ದ ನೀಲಿ ಟ್ರಕ್ಕು ಬೇಲಿಯ ಆಚೆ ಗುರುಗುಟ್ಟುತ್ತಿತ್ತು. ಏನು ನಡೆಯುತ್ತಿದೆ ಎಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ಅವರ ಮುಖದ ಸಡಗರ ನಿಧಾನವಾಗಿ ಇಳಿಯಿತು.

"ನಾನೇ ಏಣಿ ತಂದುಕೊಡ್ತೀನಿ, ಕಿಲ್ಬೋಕ್ ಅವ್ರೇ," ಎಂದರು ಅವರು. "ಮೇಲಿನ ಕೊಂಬೆ ನಿಮಗೆ ಎಟಕಲ್ಲ."

ತಂದು ಹಿಡಿದೂ ನಿಂತರು. ಕಿಲ್ಬೋಕ ಏಣಿ ಹತ್ತಿದ. ಕೆಳಗೆ ಮೇಷ್ಟ್ರ ನೆತ್ತಿ ಕಾಣುತ್ತಿತ್ತು, ಕೂದಲು ತೆಳ್ಳಗಾಗಿತ್ತು. ಅವನು ಬೇಗಬೇಗ ಇಳಿದು, "ಇಲ್ಲ ಇಲ್ಲ, ಇಲ್ಲೇನೂ ಇಲ್ಲ," ಎಂದು ಯಾರ ಮುಖವನ್ನೂ ನೋಡದೆ ಟ್ರಕ್ಕು ಹತ್ತಿದ. ಮಾರನೆಯ ದಿನ ಗಾಳಿ ಬಂದರೂ ಆ ಕಡೆಯಿಂದ ಸದ್ದು ಬರಲಿಲ್ಲ. ಮೇಷ್ಟ್ರು ಮರದಿಂದ ಎಲ್ಲವನ್ನೂ ಇಳಿಸಿಬಿಟ್ಟಿದ್ದರು.

*

ಅಜ್ಜಿ ಚಾವಡಿಗೆ ಬರುವುದನ್ನು ನಿಲ್ಲಿಸಿದಳು. ಓಕ್‌ನಾಮ್ ಗಂಜಿ ಒಯ್ದು ಕೊಟ್ಟರೆ ಎರಡು ಚಮಚ ಕುಡಿದು ಸಾಕೆನ್ನುತ್ತಿದ್ದಳು. ಒಂದು ಬಿಸಿಲಿನ ದಿನ, ಬಹಳ ಹಿಂದೆಯೇ ಹೊಲಿಸಿಟ್ಟಿದ್ದ ತನ್ನ ಹೆಣದ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಅಂಗಳದ ತಂತಿಗೆ ಹರವಿದಳು. ನುಸಿಗುಳಿಗೆಯ ವಾಸನೆ ಬೀದಿಯವರೆಗೂ ಬಂತು. ಕೋಸು ಹೇರಿಕೊಂಡು ಆ ದಾರಿಯಲ್ಲಿ ಬಂದ ಕಿಲ್ಬೋಕ ಟ್ರಕ್ಕನ್ನು ಹಿಂದಕ್ಕೆ ತೆಗೆದುಕೊಂಡು ಊರು ಸುತ್ತಿ ಹೋದ. ಆದರೆ ಸಂಜೆ ಅಜ್ಜಿಯೇ ಅವನ ಮನೆಯ ಬಾಗಿಲಿಗೆ ಬಂದಳು.

"ಕಿಲ್ಬೋಕಾ, ನಾಳೆ ಪಟ್ಟಣಕ್ಕೆ ಹೋಗೋದಿದ್ಯಾ?"

"ಉಪ್ಪುಕೋಸಿನ ಪೆಟ್ಟಿಗೆ ಕಳಿಸ್ಬೇಕು ಅಜ್ಜಿ. ಯಾಕೆ?"

"ನನ್ನೂ ಕರ್ಕೊಂಡು ಹೋಗು. ಫೋಟೋ ತೆಗೆಸ್ಬೇಕು. ಸಾವಿನ ಮನೇಲಿ ಹೂವಿನ ಮಧ್ಯೆ ಇಡೋ ಫೋಟೋ. ಮುಖದ ಮೇಲೆ ಒಂಚೂರು ಮಾಂಸ ಇರುವಾಗ್ಲೇ ತೆಗೆಸಿಬಿಡ್ತೀನಿ."

ಓಕ್‌ನಾಮ್ ಸೆರಗಿಲ್ಲದ ಜಾಕೀಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಕಿಲ್ಬೋಕ ಏನೋ ಹೇಳಲು ಬಾಯಿ ತೆರೆದ. "ಸೀಟು ತಣ್ಣಗಿರುತ್ತೆ, ದಿಂಬು ಹಾಕಿರ್ತೀನಿ," ಎಂದ.

ಮರುದಿನ ಅಜ್ಜಿ ಮದುವೆ, ಹಬ್ಬಕ್ಕೆ ಉಡುವ ತಿಳಿನೀಲಿ ರೇಷ್ಮೆಯ ಹನ್‌ಬೋಕ್ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ ತಿದ್ದಿ, ಬಿಳಿಯ ಕಾಲುಚೀಲ ಹಾಕಿಕೊಂಡು ಬಂದಳು. ಅವಳನ್ನು ನಡುವೆ ಕೂರಿಸಿ ಆಚೆ ಓಕ್‌ನಾಮ್ ಕೂತಳು. ಹಿಂದೆ ಉಪ್ಪುಕೋಸಿನ ಪೆಟ್ಟಿಗೆಗಳು ಕತ್ತಿನವರೆಗೆ ಇದ್ದವು.

"ಇದೇನೋ ಟ್ರಕ್ಕಿಗೂ ಪಟ್ಟಿ ಹಾಕಿದ್ದೀಯ?" ಅಜ್ಜಿಯ ಹೊಸ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ.

"ಅದಕ್ಕೆ... ಅಲ್ಲಿ ಒಂಚೂರು ನೋವಿದೆ ಅಜ್ಜಿ."

"ಪಾಪ. ವಯಸ್ಸಾಯ್ತೇನೋ ಅದಕ್ಕೂ."

ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಘಾಟಿ ಏರಬೇಕು. ಅರ್ಧ ಏರಿದ ಮೇಲೆ ಟ್ರಕ್ಕು ಒಮ್ಮೆ ಬಿಕ್ಕಿತು. ಎಲ್ಲಿಂದಲೋ ಪೀಪಿ ಊದಿದಂತೆ ಸಣ್ಣ ಸಿಳ್ಳು ಕೇಳಿತು. ಕಿಲ್ಬೋಕ ಆಕ್ಸಿಲರೇಟರ್ ಒತ್ತಿದ. ಎಷ್ಟು ಒತ್ತಿದರೂ ಎಂಜಿನ್ನು ಗೊಣಗಿತೇ ಹೊರತು ಬಲ ಕೊಡಲಿಲ್ಲ. ಆಮೆಯಂತಾಯಿತು, ಬಸವನಹುಳುವಿನಂತಾಯಿತು, ಕೊನೆಗೆ ನಿಂತಿತು. ಹಿಂದೆ ಹಾರನ್ನುಗಳು ಮೊಳಗಿದವು.

"ಮೊಮ್ಮಗನ ಕಾಲಕ್ಕೂ ಇದೇ ಟ್ರಕ್ಕು ಅಂದಿದ್ರಲ್ಲ," ಎಂದಳು ಓಕ್‌ನಾಮ್. "ಇಲ್ಲೇ ಕೂತು ಅವನಿಗೆ ಕಾಯೋಣ್ವಾ?"

ಆ ದಾರಿಯಲ್ಲಿ ಟ್ರ್ಯಾಕ್ಟರು ಹೊಡೆದುಕೊಂಡು ಬಂದವನು, ಬೇರೆ ಯಾರೂ ಅಲ್ಲ, ಮುಖಂಡ ಓಮ್. ಹಗ್ಗ ಕಟ್ಟಿದ. ಟ್ರ್ಯಾಕ್ಟರಿನ ಹಿಂದೆ ನೀಲಿ ಟ್ರಕ್ಕು, ಟ್ರಕ್ಕಿನಲ್ಲಿ ರೇಷ್ಮೆಯ ಹನ್‌ಬೋಕ್ ಉಟ್ಟ ಅಜ್ಜಿ. ದಾರಿಬದಿಯ ಹೊಲಗಳವರು ಮದುವೆಯ ಮೆರವಣಿಗೆ ಎಂದುಕೊಂಡು ಕೈ ಬೀಸಿದರು. ಅಜ್ಜಿ ಕೈ ಬೀಸಿದಳು. ಘಾಟಿಯ ಆಚೆ ಬದಿಯಲ್ಲಿ ಬಾಂಗ್ ಎಂಬುವನ ರಿಪೇರಿ ಅಂಗಡಿ ಇತ್ತು. ಮೆರವಣಿಗೆ ಅಲ್ಲಿಗೆ ಹೋಗಿ ನಿಂತಿತು.

*

ಬಾಂಗ್ ಮಾತಾಡದೆ ಒಂದು ಬೋಲ್ಟನ್ನೂ ಬಿಚ್ಚುವ ಮನುಷ್ಯನಲ್ಲ. ಅವನ ದನಿ ಅವನ ಯಂತ್ರಗಳಿಗಿಂತ ಜೋರು. ಮೊದಲು ಅವನು ಪಟ್ಟಿಯನ್ನು ಕಿತ್ತ. ಹಳದಿ ದೀಪ ಬೆಳಗಿತು.

"ಓಹೋಹೋ! ದೀಪಕ್ಕೆ ಮಂಡಿನೋವಿನ ಪಟ್ಟಿ! ಇದು ಮಾತ್ರ ನಾನು ನೋಡಿರ್ಲಿಲ್ಲ ಕಣಣ್ಣ. ಹೃದಯ ನಿಂತೋರಿಗೆ ಏನು ಹಾಕ್ತೀರಾ, ಹಲ್ಲುಪುಡಿನಾ?"

"ಬಾಂಗ್ ಅವ್ರೇ," ಎಂದ ಕಿಲ್ಬೋಕ ದನಿ ಇಳಿಸಿ. "ಇವತ್ತು ಬಿಚ್ಚೋದು ಬೇಡ. ಇಲ್ಲೇ ಇರ್ಲಿ. ನಾಳೆ ನಾನೊಬ್ಬನೇ ಬರ್ತೀನಿ."

"ಯಾಕೆ ನಾಳೆ? ಐದೇ ನಿಮಿಷ. ರೋಗ ಏನು ಅಂತ ನನಗೆ ಗೊತ್ತು."

ಬಾಂಗ್ ಬಿಚ್ಚಿದ. ಕಿಲ್ಬೋಕ ಅವನಿಗೂ ಅಜ್ಜಿಗೂ ನಡುವೆ ನಿಲ್ಲಲು ನೋಡಿದ. ಅಜ್ಜಿಗೆ ಚೆನ್ನಾಗಿ ಕಾಣಲಿ ಎಂದು ಮುಖಂಡ ಓಮ್ ಅವನನ್ನು ಪಕ್ಕಕ್ಕೆ ಎಳೆದ. ಬಾಂಗ್ ಇಕ್ಕಳದಿಂದ ಕರಿಯ ತಗಡೊಂದನ್ನು ಎಳೆದು ಎತ್ತಿ ಹಿಡಿದ. ಅದು ಕಾವಿಗೆ ಸೊಟ್ಟಗಾಗಿ ಒಂದು ಅಂಚು ಸುಟ್ಟು ತೂತಾಗಿತ್ತು.

"ಸಿಳ್ಳು ಹೊಡೀತಿದ್ದೋನು ಇವ್ನೇ! ಅಣ್ಣಾ, ಹೊಗೆ ಒಳಗೆ ಹೋದ್ರೆ ಮಸಿ ಕೂರುತ್ತೆ, ನಿಜ. ಎಂಜಿನ್ ಆಯುಷ್ಯ ಕಮ್ಮಿ ಆಗುತ್ತೆ, ಅದೂ ನಿಜ. ಅದಕ್ಕೆ ಆಗಾಗ ಬಿಚ್ಚಿ ತೊಳೀಬೇಕು. ಹಿಂದೆ ಒಲೆ ಹೊಗೇನ ನೆಲದಡಿ ಹಾಯ್ಸಿ ಮನೆ ಬೆಚ್ಚಗೆ ಇಡ್ತಿದ್ರಲ್ಲ, ಆ ಹೊಗೆಗಂಡಿ ಮಸಿ ಕಟ್ಟಿದ್ರೆ ಏನು ಮಾಡ್ತಿದ್ರಿ? ಕೆರೀತಿದ್ರಿ. ಗಂಡಿ ಬಾಯಿಗೆ ಮುಚ್ಚಳ ಹಾಕ್ತಿದ್ರಾ? ಈ ಹೊಗೆ ಒಳಗಿನ ಉರೀನ ತಣ್ಣಗಿಡುತ್ತೆ. ಅದನ್ನ ಮುಚ್ಚಿದ್ರೆ ಉರಿ ಹೆಚ್ಚುತ್ತೆ, ಲೆಕ್ಕ ತಪ್ಪಿದ್ದು ಯಂತ್ರಕ್ಕೇ ಗೊತ್ತಾಗುತ್ತೆ, ಅದು ದೀಪ ಹಚ್ಚಿ ಕೂಗುತ್ತೆ. ಕೂಗ್ದೋನ ಬಾಯಿಗೆ ನೀವು ಪಟ್ಟಿ ಅಂಟಿಸಿದ್ರಿ!" ಹೀಗೆ ಹೇಳುತ್ತ ಹೇಳುತ್ತ ಬಾಂಗ್ ಅಭ್ಯಾಸಬಲದಿಂದ ಎಣ್ಣೆಬಟ್ಟೆಯಲ್ಲಿ ತಗಡನ್ನು ಒರೆಸಿದ. "ಅರೆ, ಇಲ್ಲೊಂದು ಹಕ್ಕಿ ಇದೆ."

ಬಾಂಗ್ ತಗಡನ್ನು ಬೆಳಕಿಗೆ ಹಿಡಿದ.

"ಏನೋ ಬರ್ದೂ ಇದೆ. ದೀರ್ಘಾ... ದೀರ್ಘಾಯುಷ್ಯ. ಸೊಲ್... ಜೋಮ್... ಸುನ್. ಯಾರು ಇದು ಜೋಮ್‌ಸುನ್? ಟ್ರಕ್ಕಿನ ಹೆಸರಾ?"

"ನಾನು," ಎಂದಳು ಅಜ್ಜಿ.

ಕಿಲ್ಬೋಕ ನೆಲ ನೋಡಿದ. ಬಾಂಗನ ಅಂಗಡಿಯ ನೆಲ ಅಷ್ಟು ನೋಡುವಂಥದ್ದೇನೂ ಅಲ್ಲ. ಎಣ್ಣೆಯ ಕಲೆ, ಒಂದು ತುಕ್ಕು ಹಿಡಿದ ನಟ್ಟು. ಅವನ ಕಿವಿ, ಕುತ್ತಿಗೆ, ಬೋಳಾಗುತ್ತಿದ್ದ ನೆತ್ತಿ ಎಲ್ಲ ಕೆಂಪಾದವು.

"ಅಕ್ಕಿ ಡಬ್ಬಿಗೆ ಕೈ ಹಾಕಿ ಹುಡುಕ್ದೆನಲ್ರೀ ನಾನು," ಎಂದಳು ಓಕ್‌ನಾಮ್. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು.

"ಮರ ಹತ್ತಿದ್ನಲ್ಲ ಇವ್ನು," ಎಂದ ಮುಖಂಡ ಓಮ್, ಗಾಳಿಗೆ ಹೇಳುವಂತೆ. "ಏಣಿ ಹಾಕ್ಕೊಂಡು ಹತ್ತಿದ್ದ. ನಾನೇ ಕಳಿಸಿದ್ದೆ."

ಅಜ್ಜಿ ತಗಡಿಗಾಗಿ ಕೈ ಚಾಚಿದಳು. ಬಿಳಿ ಅಂಗೈಗೆ ಮಸಿ ಹತ್ತಿತು. ಕೊಕ್ಕರೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಕೊಕ್ಕರೆಗೆ ಒಂದು ರೆಕ್ಕೆಯಷ್ಟೇ ಉಳಿದಿತ್ತು.

"ಇದು ಎಂಜಿನ್ ಒಳಗಿತ್ತಾ?"

"ಹೂಂ ಅಜ್ಜಿ," ಎಂದ ಕಿಲ್ಬೋಕ.

"ನನ್ನ ಹೆಸರೂ ಇತ್ತಾ ಒಳಗೆ?"

"ಹೂಂ."

"ನೋಡ್ದೆ ತಾನೇ ನೀನು, ಹಾಕುವಾಗ?"

ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದ್ದ ಮಾತು ಕೊನೆಗೆ ಬಂದು ಎದುರಿಗೇ ಕೂತಿತ್ತು. "ನೋಡಿದ್ದೆ ಅಜ್ಜಿ," ಎಂದ. "ಕತ್ತರಿಸಿದ ಮೇಲೆ ನೋಡ್ದೆ. ಆಯುಷ್ಯ ಅಂತ ಇತ್ತಲ್ಲ... ಎಂಜಿನ್ನಿಗೂ ಒಳ್ಳೇದಾಗ್ಲಿ ಅಂತ ಆ ಕಡೆಗೇ ತಿರುಗಿಸಿ ಹಾಕ್ದೆ."

ಅಜ್ಜಿ ಅವನನ್ನು ದಿಟ್ಟಿಸಿದಳು. ಅವಳ ಎದೆಯ ಮೇಲಿನ ರೇಷ್ಮೆಯ ಗಂಟು ಕುಣಿಯಿತು. ಅಳುತ್ತಿದ್ದಾಳೆಂದು ಓಕ್‌ನಾಮ್ ಹಿಡಿಯಲು ಹೋದಳು. ಅಜ್ಜಿ ನಗುತ್ತಿದ್ದಳು. ನಕ್ಕು ನಕ್ಕು ಮಸಿಯ ಕೈಯಲ್ಲೇ ಮೂಗೊರೆಸಿಕೊಂಡಳು.

"ನಾನು ಹೆಣದ ಬಟ್ಟೆ ಒಣಗಿಸ್ತಾ ಇದ್ದೆ ಕಣೋ, ನನ್ನ ಆಯುಷ್ಯ ನಿನ್ನ ಟ್ರಕ್ಕಲ್ಲಿ ಕೋಸು ಹೊರ್ತಾ ಇತ್ತು!"

ಫೋಟೋ ತೆಗೆಸಿದ್ದೂ ಆಯಿತು. ಬಾಂಗ್ ತನ್ನ ಗಾಡಿಯಲ್ಲಿ ಅವರನ್ನು ಕರೆದೊಯ್ದ. ಆದರೆ ಸ್ಟುಡಿಯೋದವನು ಗಂಭೀರವಾಗಿ ಕೂರಿ ಎಂದಾಗಲೆಲ್ಲ ಅಜ್ಜಿಗೆ ಕೊಕ್ಕರೆ ನೆನಪಾಗುತ್ತಿತ್ತು. ಬಂದ ಫೋಟೋದಲ್ಲಿ ಅವಳ ಬಾಯಲ್ಲಿ ಉಳಿದಿದ್ದ ಹಲ್ಲುಗಳಷ್ಟೂ ಕಂಡವು. ಮೂಗಿನ ಮೇಲೆ ಮಸಿ ಬೇರೆ. "ಸತ್ತೋಳು ಹಿಂಗೆ ನಗ್ತಾಳಾ? ಬಂದೋರು ಏನಂದ್ಕೋತಾರೆ?" ಎಂದು ಅದನ್ನು ಗೋಡೆಗೆ ಹಾಕಿಸಿಕೊಂಡಳು. ಸಾವಿಗೆ ಬೇರೆ ತೆಗೆಸಬೇಕು, ಅವಸರವಿಲ್ಲ ಎಂದಳು.

*

ಮೈಕು ಮತ್ತೆ ಕೆಮ್ಮಿತು. "ಮುಚ್ಚಳ ಸಿಕ್ಕಿದೆ. ಎಲ್ಲಿ ಸಿಕ್ತು ಅಂತ ಹೇಳೋದಿಲ್ಲ. ಅಧ್ಯಕ್ಷರ ಹತ್ರಾನೇ ಸಿಕ್ತು. ಸಮಿತಿ ವಿಸರ್ಜನೆ ಆಗಿದೆ. ನಾಮ್‌ಗುಂಗ್ ಮೇಷ್ಟ್ರಲ್ಲಿ ಊರಿನ ಪರವಾಗಿ ಕ್ಷಮೆ ಕೇಳ್ತೀವಿ. ಅಧ್ಯಕ್ಷರು ಖುದ್ದಾಗಿ ಹೋಗಿ ಕೇಳ್ತಾರೆ."

ಅಧ್ಯಕ್ಷರು ಹೋದರು, ಉಪ್ಪುಕೋಸಿನ ಪೆಟ್ಟಿಗೆ ಹೊತ್ತುಕೊಂಡು, ನಡೆದುಕೊಂಡೇ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಗೇಟಿನ ಬಳಿ ಚದುರಿಹೋಯಿತು. ಅವನು ಕ್ಷಮೆ ಕೇಳುವವರೆಗೂ ಮೇಷ್ಟ್ರು ಕಾಯಲಿಲ್ಲ. "ಮುಚ್ಚಳದ ಉಳಿದ ಅಂಚು ಇದ್ಯಾ?" ಎಂದರಷ್ಟೆ. ಕಿಲ್ಬೋಕ ಷೆಡ್ಡಿನಿಂದ ತಂದುಕೊಟ್ಟ ಗೋಣಿಯೊಳಗಿನ ಅಂಚನ್ನು ಅವರು ಮರದ ತುದಿಯ ಕೊಂಬೆಗೆ ಕಟ್ಟಿದರು. ಏಣಿಯನ್ನು ಈ ಸಲ ಕಿಲ್ಬೋಕ ಹಿಡಿದುಕೊಂಡ. ಇಳಿಸಿದ್ದ ಚಮಚ, ತಟ್ಟೆಗಳೂ ಮತ್ತೆ ಮರ ಏರಿದವು. ಈಗ ಗಾಳಿ ಬಂದಾಗಲೆಲ್ಲ ಆ ತುದಿಯ ಸದ್ದು ಕಿಲ್ಬೋಕನ ಹೊಲದವರೆಗೂ ಕೇಳುತ್ತದೆ. ಅದೊಂದೇ ಸದ್ದನ್ನು ಬೇರೆಯಾಗಿ ಗುರುತಿಸಬಲ್ಲವನು ಅವನೊಬ್ಬನೇ.

ಚಾವಡಿಯಲ್ಲಿ ಊರೆಲ್ಲ ಸೇರಿ ಚಳಿಗಾಲಕ್ಕೆ ಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಿದ ದಿನ, ಕೆಂಪು ಮಸಾಲೆ ಮೊಣಕೈವರೆಗೆ ಮೆತ್ತಿಕೊಂಡವರೆಲ್ಲ ಕೈ ತೊಳೆದು ಊಟಕ್ಕೆ ಕೂತಾಗ, ಕಿಲ್ಬೋಕ ಜಾಕೀಟಿನೊಳಗಿಂದ ಒಂದು ಹೊಸ ಮುಚ್ಚಳ ತೆಗೆದ. ಪೇಟೆಯಲ್ಲಿ ಮುಚ್ಚಳವನ್ನು ಮಾತ್ರ ಯಾರೂ ಮಾರುವುದಿಲ್ಲ. ಅದಕ್ಕಾಗಿ ಅವನು ಇಡೀ ಬಟ್ಟಲನ್ನೇ ಕೊಂಡಿದ್ದ. ಎರಡು ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಬಗ್ಗಿ ಕೂತ.

"ಅಜ್ಜಿ, ಇದನ್ನ ಇಟ್ಕೊಂಡು ನನ್ನ ಬಾಕಿ ತೀರಿಸ್ಕೊಳ್ಳಿ."

ಅಜ್ಜಿ ಮುಚ್ಚಳವನ್ನು ತಿರುಗಿಸಿ ನೋಡಿದಳು. "ಇದ್ರಲ್ಲಿ ಕೊಕ್ಕರೆ ಇಲ್ವಲ್ಲೋ."

"ಕೆತ್ತಿಸ್ತೀನಿ ಅಜ್ಜಿ. ಪಟ್ಟಣದಲ್ಲಿ ಒಬ್ಬ ಇದ್ದಾನೆ, ನಾಳೇನೇ..."

"ನಾಳೆ ಯಾಕೆ? ಬೇಡ." ಅಜ್ಜಿ ಮುಚ್ಚಳವನ್ನು ಅವನ ಕೈಗೇ ಹಿಂತಿರುಗಿಸಿದಳು. "ನನ್ನ ಆಯುಷ್ಯ ನಿನ್ನ ಮೇಲೆ ಬಾಕಿ ಇದೆ. ಇರ್ಲಿ. ವಸೂಲಿ ಆಗೋವರ್ಗೂ ನಾನು ಎಲ್ಲಿಗೂ ಹೋಗೋ ಹಂಗಿಲ್ಲ. ನೀನೇನಾದ್ರೂ 'ಕೆತ್ತಿಸ್ದೆ, ತಗೊಳ್ಳಿ' ಅಂತ ಬಂದ್ಯೋ, ನಾನು ಸತ್ರೆ ನಿನ್ನ ಮೇಲೇ ಬರುತ್ತೆ ನೋಡು."

ಚಾವಡಿ ನಕ್ಕಿತು. ಅಜ್ಜಿ ಸಾದಾ ಬಟ್ಟಲೊಂದನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಳ ತೆಗೆದು ದೊಡ್ಡ ಚಮಚದ ತುಂಬ ಅನ್ನ ಎತ್ತಿದಳು. ಕೊಕ್ಕರೆಯ ಬಟ್ಟಲನ್ನು ಓಕ್‌ನಾಮ್ ಏನೂ ಹೇಳದೆ ತಂದು ಗಂಡನ ಮುಂದೆ ಇಟ್ಟಳು. ಇನ್ನು ಮುಂದೆ ಅದು ಅವನದೆಂದು ಅಡಿಗೆಮನೆಯಲ್ಲಿ ತೀರ್ಮಾನವಾಗಿತ್ತು. ಧೂಳು ಬೀಳದಿರಲಿ ಎಂದು ಅದರ ಮೇಲೆ ಒಂದು ಕೋಸಿನ ಎಲೆ ಮುಚ್ಚಿದ್ದಳು.

ಕಿಲ್ಬೋಕ ಎಲೆ ಎತ್ತಿದ. ಎಲ್ಲರ ಬಟ್ಟಲಿನಿಂದಲೂ ಹಬೆ ಏಳುತ್ತಿತ್ತು. ಮುಚ್ಚಳವಿಲ್ಲದ ಬಟ್ಟಲಿನಲ್ಲಿ ಅವನ ಅನ್ನ ಆಗಲೇ ತಣ್ಣಗಾಗಿತ್ತು. ಹೊಸ ಮುಚ್ಚಳವನ್ನು ಜಾಕೀಟಿನೊಳಗೆ ಸೇರಿಸಿ, ತಲೆ ತಗ್ಗಿಸಿ, ಒಂದು ಅಗುಳೂ ಬಿಡದೆ ತಿಂದ.